ಪ್ರಾಂಪ್ಟ್‌ನಲ್ಲಿ ಗಿಟ್ ಸ್ಥಿತಿ: ಅಳೆದು ಆಯ್ದುಕೊಳ್ಳುವ ಬಗೆ

ಟರ್ಮಿನಲ್‌ನಲ್ಲಿ ಏನನ್ನೂ ಬರೆಯದೆ ಬರಿದೇ ಎಂಟರ್ ಒತ್ತಿದಾಗಲೂ ಮುಂದಿನ ಪ್ರಾಂಪ್ಟ್ (ಆಜ್ಞೆಗಾಗಿ ಕಾಯುವ ಸಾಲು) ಕಾಣಿಸಿಕೊಳ್ಳಲು ಅರ್ಧ ಸೆಕೆಂಡ್ ಹಿಡಿಯುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಬ್ರಾಂಚ್ (ಕೋಡ್‌ನ ಕವಲು) ಹೆಸರಿನ ಪಕ್ಕದಲ್ಲಿ ಕೂತಿರುವ ಪುಟ್ಟ ನಕ್ಷತ್ರ ಚಿಹ್ನೆಯನ್ನು. ಬದಲಾವಣೆ ಇದೆಯೋ ಇಲ್ಲವೋ ಎಂಬ ಒಂದೇ ಉತ್ತರಕ್ಕಾಗಿ, ಕಡತಗಳ ಬದಲಾವಣೆಯ ಇತಿಹಾಸ ಕಾಯುವ ಗಿಟ್ ಪ್ರತಿ ಸಲವೂ ರೆಪೊಸಿಟರಿಯ (ಅದು ಕಾಯುವ ಯೋಜನೆಯ ಸಂಗ್ರಹ, ಚಿಕ್ಕದಾಗಿ ರೆಪೊ) ಎಲ್ಲ ಕಡತಗಳ ವಿವರವನ್ನು ಕಾರ್ಯಾಚರಣ ವ್ಯವಸ್ಥೆಯಿಂದ ಕೇಳಿ ತರಬೇಕಾಗುತ್ತದೆ. ನೂರಿನ್ನೂರು ಕಡತಗಳ ಯೋಜನೆಯಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಲಿನಕ್ಸ್ ಕರ್ನಲ್‌ನಂತೆ 80 ಸಾವಿರಕ್ಕೂ ಹೆಚ್ಚು ಕಡತಗಳಿರುವ ಕಡೆ, ಅದರಲ್ಲೂ ಡಿಸ್ಕ್ ನಿಧಾನವಾಗಿದ್ದರೆ, ಬೆಟ್ಟ ಅಗೆದು ಇಲಿ ಹಿಡಿದಂತೆ ಆಗುತ್ತದೆ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಯಾವ ಥೀಮ್ (ಪ್ರಾಂಪ್ಟ್‌ನ ಸಿದ್ಧ ವಿನ್ಯಾಸ) ವೇಗವಾಗಿದೆ ಎಂದು ಹುಡುಕಲು ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹುಡುಕಾಟ ಅಲ್ಲಿಂದ ಶುರುವಾಗಬಾರದು. ಪ್ರಾಂಪ್ಟ್ ನಿಮಗೆ ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಆ ಒಂದೊಂದು ಪ್ರಶ್ನೆಗೂ ನಿಮ್ಮದೇ ರೆಪೊದಲ್ಲಿ ತಗಲುವ ಸಮಯವನ್ನು ಬೇರೆ ಬೇರೆಯಾಗಿ ಅಳೆದರೆ, ಸಲಕರಣೆಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ.

ಯಾವ ಪ್ರಶ್ನೆಗೆ ಎಷ್ಟು ಕೆಲಸ

ಎಲ್ಲಕ್ಕಿಂತ ಅಗ್ಗದ ಪ್ರಶ್ನೆ, ಈಗ ಯಾವ ಬ್ರಾಂಚ್‌ನಲ್ಲಿದ್ದೇನೆ ಎಂಬುದು. ಇದರ ಉತ್ತರ ಡಾಟ್-ಗಿಟ್ ಡೈರೆಕ್ಟರಿಯೊಳಗಿನ ಹೆಡ್ ಎಂಬ ಒಂದು ಸಾಲಿನ ಕಡತದಲ್ಲಿದೆ. ಅದನ್ನು ಶೆಲ್‌ನ (ನಿಮ್ಮ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ಒಳಗಿನ ರೀಡ್ ಆಜ್ಞೆಯಿಂದಲೇ ಓದಿಕೊಂಡರೆ ಹೊಸ ಪ್ರೋಸೆಸ್ ಒಂದನ್ನೂ ಹುಟ್ಟಿಸಬೇಕಾಗಿಲ್ಲ. ಪ್ರೋಸೆಸ್ ಹುಟ್ಟಿಸುವುದೇ ದುಬಾರಿಯಾಗಿರುವ ವಿಂಡೋಸ್‌ನಲ್ಲಿ ಈ ಉಳಿತಾಯ ಎದ್ದು ಕಾಣುತ್ತದೆ. ಆದರೆ ಈ ಅಡ್ಡದಾರಿಯಲ್ಲಿ ಎರಡು ಗುಂಡಿಗಳಿವೆ. ವರ್ಕ್‌ಟ್ರೀ (ಒಂದೇ ರೆಪೊದ ಇನ್ನೊಂದು ಕೆಲಸದ ಡೈರೆಕ್ಟರಿ) ಮತ್ತು ಸಬ್‌ಮಾಡ್ಯೂಲ್‌ಗಳಲ್ಲಿ (ರೆಪೊದೊಳಗಿನ ರೆಪೊ) ಡಾಟ್-ಗಿಟ್ ಎಂಬುದು ಡೈರೆಕ್ಟರಿಯಾಗಿರದೆ, ನಿಜವಾದ ಜಾಗದ ವಿಳಾಸವನ್ನು ಹೊತ್ತ ಸಾಮಾನ್ಯ ಕಡತವಾಗಿರುತ್ತದೆ. ಜೊತೆಗೆ, 2024ರಲ್ಲಿ ಬಂದ ಗಿಟ್ 2.45ರಿಂದ ಲಭ್ಯವಿರುವ ರೆಫ್‌ಟೇಬಲ್ (ಬ್ರಾಂಚ್ ಹೆಸರುಗಳನ್ನು ಕೂಡಿಡುವ ಹೊಸ ಬಗೆ) ಮಾದರಿಯ ರೆಪೊಗಳಲ್ಲಿ ಹೆಡ್ ಕಡತದಲ್ಲಿರುವುದು ಹಳೆಯ ಉಪಕರಣಗಳಿಗಾಗಿ ಇಟ್ಟ ಒಂದು ಹುಸಿ ಹೆಸರು ಮಾತ್ರ. ಅದನ್ನು ನಂಬಿದ ಪ್ರಾಂಪ್ಟ್ ತಪ್ಪು ಬ್ರಾಂಚ್ ತೋರಿಸುತ್ತದೆ. ಒಂದು ಪ್ರೋಸೆಸ್‌ನ ವೆಚ್ಚ ನಿಮಗೆ ಭಾರವಲ್ಲದಿದ್ದರೆ ಗಿಟ್‌ನ ಸಿಂಬಾಲಿಕ್-ರೆಫ್ ಆಜ್ಞೆಯನ್ನೇ ಕೇಳುವುದು ನೆಮ್ಮದಿಯ ದಾರಿ.

ಎರಡನೆಯ ಪ್ರಶ್ನೆ, ಗಿಟ್ ಈಗಾಗಲೇ ಲೆಕ್ಕದಲ್ಲಿಟ್ಟಿರುವ ಕಡತಗಳಲ್ಲಿ ಏನಾದರೂ ಬದಲಾಗಿದೆಯೇ ಎಂಬುದು. ಇಂಡೆಕ್ಸ್ ಎಂಬ ಕಡತದಲ್ಲಿ ಗಿಟ್ ಪ್ರತಿಯೊಂದು ಕಡತದ ಗಾತ್ರ, ಕೊನೆಯ ಬದಲಾವಣೆಯ ಸಮಯ, ಐನೋಡ್ ಸಂಖ್ಯೆ ಮುಂತಾದವನ್ನು ಬರೆದಿಟ್ಟುಕೊಂಡಿರುತ್ತದೆ. ತಪಾಸಣೆಯ ಹೊತ್ತಿಗೆ ಎಲ್‌ಸ್ಟಾಟ್ ಎಂಬ ಸಿಸ್ಟಂ ಕರೆಯ ಮೂಲಕ ಒಂದೊಂದು ಕಡತದ ಈಗಿನ ವಿವರ ತರಿಸಿ ಹೋಲಿಸುತ್ತದೆ. ಎಲ್ಲವೂ ತಾಳೆಯಾದರೆ ಕಡತದ ಒಳಗನ್ನು ತೆರೆದು ನೋಡುವುದೇ ಇಲ್ಲ. ಆದ್ದರಿಂದ ಇಲ್ಲಿನ ವೆಚ್ಚ ಕಡತಗಳ ಗಾತ್ರಕ್ಕಿಂತ ಅವುಗಳ ಸಂಖ್ಯೆಗೆ ಅನುಗುಣವಾಗಿ ಏರುತ್ತದೆ.

ಲೆಕ್ಕಕ್ಕೆ ಸೇರದ ಹೊಸ ಕಡತಗಳಿವೆಯೇ ಎಂಬ ಮೂರನೆಯ ಪ್ರಶ್ನೆಯ ಸ್ವಭಾವವೇ ಬೇರೆ. ಇಂಡೆಕ್ಸ್‌ನಲ್ಲಿ ಇಲ್ಲದ್ದನ್ನು ಇಂಡೆಕ್ಸ್ ನೋಡಿ ಹೇಳಲಾಗದು; ಡೈರೆಕ್ಟರಿಗಳನ್ನು ಒಂದೊಂದಾಗಿ ತೆರೆದು, ಸಿಕ್ಕ ಹೆಸರುಗಳನ್ನು ಗಿಟ್‌ಇಗ್ನೋರ್ (ಯಾವುದನ್ನು ಕಡೆಗಣಿಸಬೇಕೆಂಬ ಪಟ್ಟಿ) ನಿಯಮಗಳೊಂದಿಗೆ ಹೋಲಿಸುತ್ತಾ ಹೋಗಬೇಕು. ನನ್ನ ಅನುಭವದಲ್ಲಿ ದೊಡ್ಡ ರೆಪೊಗಳ ಪ್ರಾಂಪ್ಟ್ ಸಮಯದ ಸಿಂಹಪಾಲು ಹೋಗುವುದು ಇಲ್ಲಿಯೇ.

ನಾಲ್ಕನೆಯದು, ದೂರದ (ಸರ್ವರ್‌ನಲ್ಲಿರುವ) ಬ್ರಾಂಚ್‌ಗಿಂತ ಎಷ್ಟು ಕಮಿಟ್ (ದಾಖಲಿಸಿಟ್ಟ ಬದಲಾವಣೆ) ಮುಂದಿದ್ದೇವೆ, ಎಷ್ಟು ಹಿಂದಿದ್ದೇವೆ ಎಂಬ ಎಣಿಕೆ. ಇದಕ್ಕೂ ಕಡತಗಳ ಸಂಖ್ಯೆಗೂ ಸಂಬಂಧವಿಲ್ಲ, ಕಮಿಟ್‌ಗಳ ಇತಿಹಾಸದಲ್ಲಿ ನಡೆದು ಎಣಿಸಬೇಕು. ಎರಡು ಬ್ರಾಂಚ್‌ಗಳು ಹತ್ತಿರದಲ್ಲಿದ್ದರೆ ಕ್ಷಣದ ಕೆಲಸ. ತಿಂಗಳುಗಟ್ಟಲೆ ಬೇರೆಯಾಗಿ ಬೆಳೆದಿದ್ದರೆ ಹಾಗಲ್ಲ. ಗಿಟ್ 2.17ರಿಂದ ಈ ಎಣಿಕೆಯನ್ನು ಬಿಟ್ಟುಬಿಡುವ ಆಯ್ಕೆ ಸ್ಟೇಟಸ್ ಆಜ್ಞೆಗೆ (ಈ ಪ್ರಶ್ನೆಗಳಿಗೆಲ್ಲ ಒಟ್ಟಿಗೆ ಉತ್ತರಿಸುವ ಗಿಟ್ ಆಜ್ಞೆ) ಇದೆ, ಕಮಿಟ್‌ಗಳ ನಂಟನ್ನು ಬರೆದಿಡುವ ಕಮಿಟ್-ಗ್ರಾಫ್ ಕಡತ ಬರೆಸಿಟ್ಟುಕೊಂಡರೂ ನಡಿಗೆ ಚುರುಕಾಗುತ್ತದೆ.

ಸಬ್‌ಮಾಡ್ಯೂಲ್‌ಗಳನ್ನು ಇಟ್ಟುಕೊಂಡವರು ಇನ್ನೊಂದು ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹೊರಗಿನ ರೆಪೊದಲ್ಲಿ ಸ್ಟೇಟಸ್ ಕೇಳಿದಾಗ ಗಿಟ್ ಪ್ರತಿ ಸಬ್‌ಮಾಡ್ಯೂಲ್‌ನೊಳಗೂ ಪ್ರತ್ಯೇಕ ಸ್ಟೇಟಸ್ ಪ್ರೋಸೆಸ್ ನಡೆಸುತ್ತದೆ. ಇಪ್ಪತ್ತು ಸಬ್‌ಮಾಡ್ಯೂಲ್ ಇದ್ದರೆ ಒಂದು ಎಂಟರ್‌ಗೆ ಇಪ್ಪತ್ತು ಪ್ರೋಸೆಸ್ ಹೆಚ್ಚುವರಿ. ಇಗ್ನೋರ್-ಸಬ್‌ಮಾಡ್ಯೂಲ್ಸ್ ಆಯ್ಕೆಗೆ ಡರ್ಟಿ ಎಂಬ ಬೆಲೆ ಕೊಟ್ಟರೆ ಅವುಗಳ ಕಮಿಟ್ ಬದಲಾಗಿದೆಯೇ ಎಂಬುದನ್ನಷ್ಟೇ ನೋಡಿ ಸುಮ್ಮನಾಗುತ್ತದೆ.

ಅಳೆಯುವಾಗ ಎಡವುವ ಜಾಗಗಳು

ಆಜ್ಞೆಗಳನ್ನು ಹೋಲಿಸಲು ನಾನು ಬಳಸುವುದು ರಸ್ಟ್ ಭಾಷೆಯಲ್ಲಿ ಬರೆದ ಹೈಪರ್‌ಫೈನ್. ಅದು ಒಂದು ಆಜ್ಞೆಯನ್ನು ಕನಿಷ್ಠ ಹತ್ತು ಸಲ ಓಡಿಸಿ ಸರಾಸರಿ, ವಿಚಲನೆ, ಅತಿ ಕಡಿಮೆ ಮತ್ತು ಅತಿ ಹೆಚ್ಚು ಸಮಯಗಳನ್ನು ಹೇಳುತ್ತದೆ. ಆದರೆ 5 ಮಿಲಿಸೆಕೆಂಡ್‌ಗಿಂತ ಬೇಗ ಮುಗಿಯುವ ಆಜ್ಞೆಗಳ ಫಲಿತಾಂಶ ನಿಖರವಾಗಿರಲಾರದೆಂದು ತಾನೇ ಎಚ್ಚರಿಸುತ್ತದೆ, ಏಕೆಂದರೆ ನಡುವೆ ಶೆಲ್ ಒಂದನ್ನು ಎಬ್ಬಿಸಿ ಆ ಸಮಯವನ್ನು ಅಂದಾಜಿನಿಂದ ಕಳೆಯಬೇಕಾಗುತ್ತದೆ. ಸಣ್ಣ ರೆಪೊಗಳಲ್ಲಿ ಗಿಟ್ ಆಜ್ಞೆಗಳು ಇದೇ ವ್ಯಾಪ್ತಿಗೆ ಬರುವುದರಿಂದ, ಶೆಲ್ ಇಲ್ಲದೆ ನೇರವಾಗಿ ಓಡಿಸುವ ಆಯ್ಕೆಯನ್ನು ಮರೆಯದೆ ಕೊಡಬೇಕು.

ಮೊದಲ ಎಡವು ಕ್ಯಾಶ್‌ನದು. ಒಮ್ಮೆ ಸ್ಟೇಟಸ್ ಓಡಿಸಿದ ಮೇಲೆ ಕಡತಗಳ ವಿವರಗಳೆಲ್ಲ ಕರ್ನಲ್‌ನ ಸ್ಮೃತಿಯಲ್ಲಿ ಕೂತಿರುತ್ತವೆ. ಎರಡನೆಯ ಓಟದಿಂದ ಡಿಸ್ಕ್‌ನ ಮಾತೇ ಇರುವುದಿಲ್ಲ. ಹತ್ತು ಓಟಗಳ ಸರಾಸರಿ ಹೇಳುವುದು ಬೆಚ್ಚಗಿನ ಸ್ಥಿತಿಯ ಕತೆಯನ್ನು. ಬೆಳಿಗ್ಗೆ ಯಂತ್ರ ಎಬ್ಬಿಸಿ ರೆಪೊದೊಳಗೆ ಮೊದಲ ಸಲ ಕಾಲಿಟ್ಟಾಗಿನ ತಡ ತಿಳಿಯಬೇಕಾದರೆ, ಲಿನಕ್ಸ್‌ನಲ್ಲಿ ಪ್ರತಿ ಓಟಕ್ಕೂ ಮುನ್ನ ಸಿಂಕ್ ಮಾಡಿ, ಡ್ರಾಪ್-ಕ್ಯಾಶಸ್ ಎಂಬ ಕರ್ನಲ್ ಕಡತಕ್ಕೆ 3 ಎಂಬ ಅಂಕಿ ಬರೆದು ಕ್ಯಾಶ್ ಖಾಲಿ ಮಾಡಬೇಕು. ಹೈಪರ್‌ಫೈನ್‌ನ ಪ್ರಿಪೇರ್ ಆಯ್ಕೆ ಇರುವುದೇ ಇಂಥ ಕೆಲಸಕ್ಕೆ. ಎರಡು ಅಂಕಿಗಳನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಿ, ಕೂಡಿಸಿ ಸರಾಸರಿ ತೆಗೆಯಬೇಡಿ.

ಎರಡನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸ್ಟೇಟಸ್ ಆಜ್ಞೆ ಕೇವಲ ಓದುವ ಆಜ್ಞೆಯಲ್ಲ. ಕಡತದ ಸಮಯ ಬದಲಾಗಿದ್ದು ಒಳಗಿನ ವಿಷಯ ಹಾಗೇ ಇದ್ದರೆ, ಒಮ್ಮೆ ತೆರೆದು ಓದಿ, ಹೊಸ ವಿವರವನ್ನು ಇಂಡೆಕ್ಸ್‌ಗೆ ಬರೆದಿಡುತ್ತದೆ. ಮುಂದಿನ ಸಲ ಆ ಶ್ರಮವಿಲ್ಲ. ಹಾಗೆ ಬರೆಯಲು ಅದು ಇಂಡೆಕ್ಸ್‌ಗೆ ಬೀಗ ಹಾಕುವುದರಿಂದ, ಹಿನ್ನೆಲೆಯಲ್ಲಿ ಓಡುವ ಪ್ರಾಂಪ್ಟ್ ನೀವು ಅದೇ ಕ್ಷಣದಲ್ಲಿ ಮಾಡುತ್ತಿರುವ ಕಮಿಟ್‌ಗೆ ಅಡ್ಡಬರಬಹುದು. ಇದನ್ನು ತಪ್ಪಿಸಲು ಗಿಟ್ 2.15ರಲ್ಲಿ ಐಚ್ಛಿಕ ಬೀಗ ಬೇಡ ಎನ್ನುವ ಆಯ್ಕೆ ಬಂತು, ಪ್ರಾಂಪ್ಟ್ ಬರೆಯುವವರೆಲ್ಲ ಅದನ್ನು ಬಳಸುವುದು ಸರಿಯೇ. ಆದರೆ ಅದಕ್ಕೊಂದು ಬೆಲೆಯಿದೆ: ಬೀಗವಿಲ್ಲದಿದ್ದರೆ ಹೊಸ ವಿವರವನ್ನು ಬರೆದಿಡಲಾಗದು, ಆದ್ದರಿಂದ ಸಾವಿರಾರು ಕಡತಗಳ ಸಮಯ ಒಟ್ಟಿಗೆ ಬದಲಾದಾಗ (ಬ್ಯಾಕಪ್‌ನಿಂದ ನಕಲು ಮಾಡಿಕೊಂಡಾಗ, ಉದಾಹರಣೆಗೆ) ಪ್ರತಿ ಪ್ರಾಂಪ್ಟ್‌ಗೂ ಅವೆಲ್ಲವನ್ನೂ ಮತ್ತೆ ಮತ್ತೆ ತೆರೆದು ಓದಬೇಕಾಗುತ್ತದೆ, ನೀವಾಗಿ ಒಮ್ಮೆ ಸ್ಟೇಟಸ್ ಓಡಿಸುವ ತನಕ. ಕಾರಣವೇ ಇಲ್ಲದೆ ಪ್ರಾಂಪ್ಟ್ ನಿಧಾನವಾಯಿತು ಎಂದು ನಾನು ಒಂದು ಮಧ್ಯಾಹ್ನವಿಡೀ ಸಂರಚನೆ ತಿದ್ದುತ್ತಾ ಕೂತಿದ್ದೆ. ಕೊನೆಗೆ ಕೈಯಿಂದ ಓಡಿಸಿದ ಒಂದೇ ಒಂದು ಸ್ಟೇಟಸ್ ಅದನ್ನು ಗುಣಪಡಿಸಿತು. ಹೋಲಿಕೆ ಮಾಡುವಾಗ ಬೀಗವಿರುವ ಆಜ್ಞೆಯನ್ನು ಮೊದಲು ಓಡಿಸಿದರೆ ಅದು ನಂತರದ ಆಜ್ಞೆಗೆ ದಾರಿ ಗುಡಿಸಿಕೊಟ್ಟಂತಾಗುತ್ತದೆ ಎಂಬುದನ್ನೂ ನೆನಪಿಡಿ.

ಮೂರನೆಯದಾಗಿ, ಸ್ವಚ್ಛ ರೆಪೊದಲ್ಲಿಯೂ ಬದಲಾವಣೆಯಿರುವ ರೆಪೊದಲ್ಲಿಯೂ ಅಳೆಯಬೇಕು. ವ್ಯತ್ಯಾಸ ತೋರಿಸುವ ಡಿಫ್ ಆಜ್ಞೆಗೆ ಕ್ವಯಟ್ ಆಯ್ಕೆ ಕೊಟ್ಟಾಗ ಮೊದಲ ವ್ಯತ್ಯಾಸ ಸಿಕ್ಕ ಕೂಡಲೇ ಹೋಲಿಕೆ ನಿಲ್ಲಿಸುವ ಅವಕಾಶವಿದೆ, ಸ್ಟೇಟಸ್‌ಗೆ ಆ ಅವಕಾಶವಿಲ್ಲ. ಅದು ಪೂರ್ತಿ ಪಟ್ಟಿ ಕೊಡಬೇಕು. ಏನೂ ಬದಲಾಗಿಲ್ಲ ಎಂದು ಹೇಳಲು ಮಾತ್ರ ಇಬ್ಬರೂ ಕೊನೆಯ ತನಕ ನೋಡಲೇಬೇಕು.

ಸಮಯ ಎಲ್ಲಿ ಹೋಯಿತೆಂದು ತಿಳಿಯಲು ಗಿಟ್‌ನ ಟ್ರೇಸ್-2 ಕಾರ್ಯಕ್ಷಮತೆಯ ವರದಿಯೇ ಸಾಕು. ಅದರ ಪರಿಸರ ಚಲಕಕ್ಕೆ 1 ಎಂದು ಬೆಲೆ ಕೊಟ್ಟು ಸ್ಟೇಟಸ್ ಓಡಿಸಿದರೆ, ಇಂಡೆಕ್ಸ್ ಓದುವುದಕ್ಕೆ, ಅದನ್ನು ತಾಜಾ ಮಾಡುವುದಕ್ಕೆ, ಹೊಸ ಕಡತಗಳ ಹುಡುಕಾಟಕ್ಕೆ ಹಿಡಿದ ಸಮಯಗಳು ಬೇರೆ ಬೇರೆಯಾಗಿ ಸಾಲುಗಟ್ಟಿ ಬರುತ್ತವೆ.

ಇಷ್ಟೆಲ್ಲ ಅಳೆದ ಮೇಲೆ ಯಾವ ಅಂಕಿಯನ್ನು ವೇಗ ಎನ್ನಬೇಕು? ರೋಮನ್ ಪೆರೆಪೆಲಿಟ್ಸಾ ರೂಪಿಸಿದ ಝಡ್-ಶೆಲ್ ಬೆಂಚ್ ಎಂಬ ಸಲಕರಣೆ ಇದಕ್ಕೆ ಒಳ್ಳೆಯ ಅಳತೆಗೋಲು ಕೊಡುತ್ತದೆ. ಅದರ ಪ್ರಕಾರ ಮೊದಲ ಪ್ರಾಂಪ್ಟ್‌ಗೆ 50, ಮೊದಲ ಆಜ್ಞೆಗೆ 150, ಆಜ್ಞೆಯಿಂದ ಆಜ್ಞೆಗೆ 10, ಕೀಲಿ ಒತ್ತಿದ್ದು ತೆರೆಯಲ್ಲಿ ಕಾಣಲು 20 ಮಿಲಿಸೆಕೆಂಡ್ ಮೀರದಿದ್ದರೆ ಮನುಷ್ಯನಿಗೆ ತಡ ಎಂದು ಅನ್ನಿಸುವುದಿಲ್ಲ. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಮೂರನೆಯದಾದ 10 ಮಿಲಿಸೆಕೆಂಡ್. ಅದು ಸಾಕಷ್ಟು ಬಿಗಿಯಾದ ಮಿತಿ. ಮೂರು ನಾಲ್ಕು ಗಿಟ್ ಪ್ರೋಸೆಸ್ ಹುಟ್ಟಿಸುವ ಪ್ರಾಂಪ್ಟ್ ರೆಪೊ ಎಷ್ಟೇ ಚಿಕ್ಕದಿದ್ದರೂ ಅದನ್ನು ಮುಟ್ಟುವುದು ಕಷ್ಟ.

ಆಜ್ಞೆಗಳ ನಡುವೆ

ಸ್ವಂತ ಪ್ರಾಂಪ್ಟ್ ಬರೆದುಕೊಳ್ಳುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಪೋರ್ಸಲೇನ್ (ಸ್ಕ್ರಿಪ್ಟ್‌ಗಳು ಓದಲೆಂದು ಮಾಡಿದ ಉತ್ತರ) ಎರಡನೆಯ ಆವೃತ್ತಿಯ ರೂಪದಲ್ಲಿ, ಬ್ರಾಂಚ್ ಆಯ್ಕೆಯೊಂದಿಗೆ, ಸ್ಟೇಟಸ್ ಆಜ್ಞೆಯನ್ನು ಒಂದೇ ಸಲ ಕರೆಯುವುದು. 2016ರಲ್ಲಿ ಗಿಟ್ 2.11ರೊಂದಿಗೆ ಬಂದ ಈ ರೂಪ ಬ್ರಾಂಚ್ ಹೆಸರು, ಮುಂದೆ-ಹಿಂದೆ ಎಣಿಕೆ, ಬದಲಾದ ಕಡತಗಳು, ಹೊಸ ಕಡತಗಳು ಎಲ್ಲವನ್ನೂ ಒಂದೇ ಪ್ರೋಸೆಸ್‌ನಲ್ಲಿ ಕೊಡುತ್ತದೆ. ಇನ್ನೊಂದು, ಡಿಫ್ ಕ್ವಯಟ್ ಆಜ್ಞೆಯನ್ನು ಎರಡು ಸಲ, ಒಮ್ಮೆ ಕೆಲಸದ ಡೈರೆಕ್ಟರಿಗೆ, ಒಮ್ಮೆ ಇಂಡೆಕ್ಸ್‌ಗೆ ಸೇರಿಸಿದ್ದಕ್ಕೆ ಕರೆಯುವುದು. ಹೊಸ ಕಡತಗಳ ಗೊಡವೆ ಬೇಡ ಎನ್ನುವವರಿಗೆ ಎರಡನೆಯದು ಅಗ್ಗ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಸ್ಟೇಟಸ್‌ಗೂ ಅನ್‌ಟ್ರ್ಯಾಕ್ಡ್-ಫೈಲ್ಸ್ ಆಯ್ಕೆಗೆ ನೋ ಎಂದು ಕೊಟ್ಟು, ಮರುಹೆಸರಿನ ಪತ್ತೆಯನ್ನೂ ಬೇಡವೆಂದು ಹೇಳಿ ಹೋಲಿಸಿದರೆ, ಉಳಿಯುವ ಕೆಲಸ ಹೆಚ್ಚುಕಡಿಮೆ ಒಂದೇ. ಪ್ರೋಸೆಸ್ ಒಂದು ಕಡಿಮೆ. ಹಾಗಾಗಿ ನಾನು ಸ್ಟೇಟಸ್ ಪರ. ಡಿಫ್-ಫೈಲ್ಸ್, ಡಿಫ್-ಇಂಡೆಕ್ಸ್ ಎಂಬ ಕೆಳಹಂತದ ಆಜ್ಞೆಗಳು ಇನ್ನೂ ಹಗುರವಾಗಿ ಕಾಣುತ್ತವೆ, ಆದರೆ ಅವು ಇಂಡೆಕ್ಸ್ ಅನ್ನು ತಾವಾಗಿ ತಾಜಾ ಮಾಡುವುದಿಲ್ಲ. ಗಿಟ್‌ನದೇ ಹಳೆಯ ಶೆಲ್ ಕಡತಗಳು ಅವುಗಳಿಗೆ ಮುನ್ನ ಅಪ್‌ಡೇಟ್-ಇಂಡೆಕ್ಸ್ ರಿಫ್ರೆಶ್ ಕರೆಯುತ್ತಿದ್ದುದು ಇದೇ ಕಾರಣಕ್ಕೆ. ಆ ಕರೆಯ ಸಮಯವನ್ನು ಸೇರಿಸದ ಹೋಲಿಕೆ ನ್ಯಾಯದ್ದಲ್ಲ.

ಸಿದ್ಧ ಪ್ರಾಂಪ್ಟ್‌ಗಳು

ಗಿಟ್ ಜೊತೆಗೇ ಬರುವ ಗಿಟ್-ಪ್ರಾಂಪ್ಟ್ ಶೆಲ್ ಕಡತ, ಬ್ಯಾಶ್ ಎಂಬ ಶೆಲ್‌ನ ಬಳಕೆದಾರರ ಹಳೆಯ ಸಂಗಾತಿ. ತಾನಾಗಿ ಅದು ಬ್ರಾಂಚ್ ಮತ್ತು ರಿಬೇಸ್, ಮರ್ಜ್‌ನಂಥ ನಡೆಯುತ್ತಿರುವ ಕೆಲಸವನ್ನಷ್ಟೇ ತೋರಿಸುತ್ತದೆ. ಬದಲಾವಣೆ, ಹೊಸ ಕಡತ, ಸ್ಟ್ಯಾಶ್ (ಬದಿಗಿಟ್ಟ ಬದಲಾವಣೆ), ದೂರದ ಬ್ರಾಂಚ್ ಇವುಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕ ಚಲಕ ಹಾಕಿಕೊಳ್ಳಬೇಕು. ಪ್ರತಿ ಚಲಕವೂ ಹೆಚ್ಚಿನ ಕೆಲಸ ತರುತ್ತದೆಂಬುದು ಇದರ ದೋಷ ಎನ್ನಬಹುದು, ಆದರೆ ವೆಚ್ಚವನ್ನು ಪ್ರಶ್ನೆಗೊಂದರಂತೆ ಒಡೆದು ಅಳೆಯಲು ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಇನ್ನೊಂದು ಶೆಲ್ ಆದ ಝಡ್-ಶೆಲ್‌ನ ವಿಸಿಎಸ್-ಇನ್ಫೋ ಕೂಡ ಇದೇ ಜಾಣತನದ್ದು: ಬದಲಾವಣೆಯ ತಪಾಸಣೆ ಅದರಲ್ಲಿ ಮೊದಲಿಗೆ ಆರಿರುತ್ತದೆ, ಬೇಕಿದ್ದವರು ಹಚ್ಚಿಕೊಳ್ಳಬೇಕು.

ಝಡ್-ಶೆಲ್ ಸಂರಚನೆಗಳ ಸಂಗ್ರಹವಾದ ಓ-ಮೈ-ಝಡ್‌ಶೆಲ್‌ನ ಅನೇಕ ಥೀಮ್‌ಗಳು ಇದಕ್ಕೆ ವಿರುದ್ಧವಾಗಿ ಹೊಸ ಕಡತಗಳ ತನಕ ಎಲ್ಲವನ್ನೂ ಮೊದಲಿನಿಂದಲೇ ನೋಡುತ್ತವೆ. ಹೊಸ ಕಡತಗಳನ್ನು ಬಿಡಲು ಒಂದು ಚಲಕ, ಒಂದು ರೆಪೊದಲ್ಲಿ ತಪಾಸಣೆಯನ್ನೇ ಮರೆಮಾಡಲು ಗಿಟ್ ಸಂರಚನೆಯಲ್ಲಿ ಹೈಡ್-ಡರ್ಟಿ ಎಂಬ ನಮೂದು ಇವೆ; ಬಹಳಷ್ಟು ದೂರುಗಳು ಈ ಎರಡು ಸಾಲುಗಳಿಂದಲೇ ತೀರುತ್ತವೆ.

ಸ್ಟಾರ್‌ಶಿಪ್ ರಸ್ಟ್‌ನಲ್ಲಿ ಬರೆದದ್ದು, ಬ್ಯಾಶ್, ಝಡ್-ಶೆಲ್, ಫಿಶ್, ಪವರ್‌ಶೆಲ್ ಎಲ್ಲಕ್ಕೂ ಒಂದೇ ಸಂರಚನೆ. ಬೇರೆ ಬೇರೆ ಯಂತ್ರಗಳಲ್ಲಿ ಬೇರೆ ಶೆಲ್ ಬಳಸುವವರಿಗೆ ಈ ಅನುಕೂಲವೇ ದೊಡ್ಡದು. ಆದರೆ ರಸ್ಟ್ ಎಂದ ಮಾತ್ರಕ್ಕೆ ಎಲ್‌ಸ್ಟಾಟ್ ಕರೆಗಳು ಮಾಯವಾಗುವುದಿಲ್ಲ, ಬ್ಯಾಶ್ ಮತ್ತು ಝಡ್-ಶೆಲ್‌ನಲ್ಲಿ ಅದು ಉತ್ತರ ಸಿಗುವ ತನಕ ಪ್ರಾಂಪ್ಟ್ ತಡೆಹಿಡಿಯುತ್ತದೆ. ಹೊರಗಿನ ಆಜ್ಞೆಗಳಿಗೆ ಮೊದಲಿಗಿರುವ ಗಡುವು 500 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಎಚ್ಚರಿಕೆ ಕೊಟ್ಟು ಆ ಭಾಗವನ್ನು ಬಿಡುತ್ತದೆ. ಎಚ್ಚರಿಕೆ ಕಂಡವರು ಗಡುವನ್ನು ಹೆಚ್ಚಿಸಿಕೊಳ್ಳುವುದನ್ನು ನೋಡಿದ್ದೇನೆ, ಅದು ಜ್ವರ ಇಳಿಸಲು ಥರ್ಮಾಮೀಟರನ್ನು ಬದಲಿಸಿದಂತೆ. ಅದರ ಟೈಮಿಂಗ್ಸ್ ಎಂಬ ಉಪ-ಆಜ್ಞೆ ಯಾವ ಭಾಗಕ್ಕೆ ಎಷ್ಟು ಮಿಲಿಸೆಕೆಂಡ್ ಎಂದು ಪಟ್ಟಿ ಮಾಡಿಕೊಡುತ್ತದೆ; ಗಡುವನ್ನು ಮುಟ್ಟುವ ಮುನ್ನ ಅದನ್ನು ಓಡಿಸಿ.

ಸಿಂದ್ರೆ ಸೋರ್ಹಸ್ ಅವರ ಪ್ಯೂರ್ ಬೇರೆ ಹಾದಿ ಹಿಡಿಯುತ್ತದೆ. ಪ್ರಾಂಪ್ಟ್ ತಕ್ಷಣ ಬರುತ್ತದೆ, ಗಿಟ್ ತಪಾಸಣೆ ಹಿನ್ನೆಲೆಯಲ್ಲಿ ನಡೆದು ಉತ್ತರ ಸಿಕ್ಕಾಗ ನಕ್ಷತ್ರ ಬಂದು ಕೂರುತ್ತದೆ. ತಪಾಸಣೆಗೆ 5 ಸೆಕೆಂಡ್ ಮೀರಿದರೆ ಮುಂದಿನ 1800 ಸೆಕೆಂಡ್ ಆ ಗೋಜಿಗೇ ಹೋಗುವುದಿಲ್ಲ. ಇಲ್ಲಿ ತಡ ಕಳೆದುಹೋಗಿಲ್ಲ, ಕಣ್ಣಿನಿಂದ ಮರೆಯಾಗಿದೆ. ಡಿಸ್ಕ್ ಮತ್ತು ಬ್ಯಾಟರಿ ಅಷ್ಟೇ ದುಡಿಯುತ್ತಿರುತ್ತವೆ. ಜೊತೆಗೆ, ನಕ್ಷತ್ರ ಬಂದಿಲ್ಲ ಎಂದರೆ ರೆಪೊ ಸ್ವಚ್ಛ ಎಂದೋ, ಉತ್ತರ ಇನ್ನೂ ಬಂದಿಲ್ಲ ಎಂದೋ ತಿಳಿಯದ ಒಂದು ಸಂದಿಗ್ಧ ಕ್ಷಣವಿದೆ. ಪ್ರಾಂಪ್ಟ್ ನೋಡಿಯೇ ಕಮಿಟ್ ಮಾಡುವ ಅಭ್ಯಾಸ ಇರುವವರಿಗೆ ಇದು ಸಣ್ಣ ಮಾತಲ್ಲ.

ನಿಜವಾಗಿ ಕೆಲಸವನ್ನೇ ಕಡಿಮೆ ಮಾಡುವುದು ಪವರ್‌ಲೆವೆಲ್-10ಕೆ ಥೀಮ್‌ನ ಒಳಗಿರುವ ಗಿಟ್‌ಸ್ಟೇಟಸ್-ಡಿ. ಮೇಲೆ ಹೇಳಿದ ಪೆರೆಪೆಲಿಟ್ಸಾ ಅವರೇ ಇದನ್ನು ಸಿ++ನಲ್ಲಿ, ಲಿಬ್‌ಗಿಟ್-2 ಗ್ರಂಥಾಲಯದ ತಮ್ಮದೇ ಕವಲಿನ ಮೇಲೆ ಬರೆದಿದ್ದಾರೆ. ಒಮ್ಮೆ ಎದ್ದ ಪ್ರೋಸೆಸ್ ಮಲಗುವುದಿಲ್ಲ. ಇಂಡೆಕ್ಸ್ ಅದರ ಸ್ಮೃತಿಯಲ್ಲಿರುತ್ತದೆ, ಡೈರೆಕ್ಟರಿಯ ಸಮಯ ಬದಲಾಗದಿದ್ದರೆ ಒಳಗಿನ ಹೆಸರುಗಳನ್ನು ಮತ್ತೆ ಓದುವುದಿಲ್ಲ, ಕೆಲಸ ಹಲವು ಥ್ರೆಡ್‌ಗಳಿಗೆ ಹಂಚಿಹೋಗುತ್ತದೆ. ಗಿಟ್ ಸ್ಟೇಟಸ್‌ಗಿಂತ ಹತ್ತು ಪಟ್ಟು ವೇಗ ಎಂಬುದು ಕರ್ತೃವಿನ ಮಾತು. ಅದನ್ನು ಹಾಗೆಯೇ ಒಪ್ಪಬೇಕಿಲ್ಲ, ಸಾವಿರ ಕಡತಗಳ ರೆಪೊದಲ್ಲಿ ಹತ್ತು ಪಟ್ಟಿಗೂ ಎರಡು ಪಟ್ಟಿಗೂ ಬೆರಳುಗಳಿಗೆ ವ್ಯತ್ಯಾಸ ತಿಳಿಯದು; ಆದರೆ ಲಕ್ಷ ಕಡತಗಳ ಕಡೆ ತಡೆಹಿಡಿಯದೆ ಪೂರ್ತಿ ಉತ್ತರ ಕೊಡಬಲ್ಲ ವಿನ್ಯಾಸ ಇದೇ. ಬ್ಯಾಶ್‌ಗೂ ಅದರ ಪ್ರತ್ಯೇಕ ಕೊಂಡಿಯಿದೆ. ಈ ಥೀಮ್‌ಗೆ ಈಗ ಸೀಮಿತ ಬೆಂಬಲ ಮಾತ್ರವೆಂದು ಕರ್ತೃವೇ ಪ್ರಕಟಿಸಿರುವುದನ್ನು ಹೊಸದಾಗಿ ಆಯ್ದುಕೊಳ್ಳುವವರು ತೂಗಿನೋಡಬೇಕು.

ಗಿಟ್ ಅನ್ನೇ ಚುರುಕು ಮಾಡುವುದು

ಪ್ರಾಂಪ್ಟ್ ಬದಲಿಸುವ ಮುನ್ನ ಪ್ರಯತ್ನಿಸಬೇಕಾದ ಎರಡು ಸೌಲಭ್ಯಗಳು ಗಿಟ್ ಒಳಗೇ ಇವೆ. ಅನ್‌ಟ್ರ್ಯಾಕ್ಡ್-ಕ್ಯಾಶ್ ಡೈರೆಕ್ಟರಿಗಳ ಸಮಯವನ್ನು ನೆನಪಿಟ್ಟು, ಬದಲಾಗದವುಗಳನ್ನು ಮತ್ತೆ ತೆರೆಯುವುದನ್ನು ತಪ್ಪಿಸುತ್ತದೆ. ನಿಮ್ಮ ಕಡತ ವ್ಯವಸ್ಥೆ ಆ ಸಮಯವನ್ನು ಸರಿಯಾಗಿ ನಿಭಾಯಿಸುತ್ತದೆಯೇ ಎಂದು ಪರೀಕ್ಷಿಸಲು ಅಪ್‌ಡೇಟ್-ಇಂಡೆಕ್ಸ್ ಆಜ್ಞೆಯಲ್ಲೇ ಒಂದು ಆಯ್ಕೆಯಿದೆ. ಫೀಚರ್-ಮೆನಿಫೈಲ್ಸ್ ಎಂಬ ಒಂದೇ ನಮೂದು ಈ ಕ್ಯಾಶನ್ನೂ ಇಂಡೆಕ್ಸ್‌ನ ಗಾತ್ರ ಕುಗ್ಗಿಸುವ 4ನೇ ಆವೃತ್ತಿಯನ್ನೂ ಒಟ್ಟಿಗೆ ಹಚ್ಚುತ್ತದೆ.

ಎರಡನೆಯದಾದ ಎಫ್‌ಎಸ್-ಮಾನಿಟರ್, ಏನು ಬದಲಾಯಿತೆಂದು ಎಲ್ಲರನ್ನೂ ಕೇಳುತ್ತಾ ಹೋಗುವ ಬದಲು ಬದಲಾವಣೆಯ ಸುದ್ದಿಯನ್ನು ಕಾರ್ಯಾಚರಣ ವ್ಯವಸ್ಥೆಯಿಂದಲೇ ಪಡೆಯುತ್ತದೆ. 2018ರ ಗಿಟ್ 2.16ರಲ್ಲಿ ಇದು ವಾಚ್‌ಮನ್‌ನಂಥ ಹೊರಗಿನ ಸಲಕರಣೆಯ ಕೊಂಡಿಯಾಗಿ ಬಂತು, 2022ರ 2.37ರಲ್ಲಿ ವಿಂಡೋಸ್ ಮತ್ತು ಮ್ಯಾಕ್‌ಗೆ ಗಿಟ್‌ನದೇ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಸೆಸ್) ಸಿಕ್ಕಿತು. ಮ್ಯಾಕ್‌ನಲ್ಲಿ ದೊಡ್ಡ ರೆಪೊ ಇಟ್ಟುಕೊಂಡವರು ಥೀಮ್‌ಗಳನ್ನು ತಡಕಾಡುವ ಮುನ್ನ ಇದನ್ನು ಹಚ್ಚಿ ಅಳೆದು ನೋಡಲಿ. ಆದರೆ ಚಿಕ್ಕ ರೆಪೊದಲ್ಲಿ ಡೀಮನ್‌ನೊಂದಿಗೆ ಮಾತಾಡುವ ಹೊತ್ತೇ ಉಳಿತಾಯವನ್ನು ನುಂಗಬಹುದು, ಆದ್ದರಿಂದ ಎಲ್ಲೆಡೆಗೂ ಒಟ್ಟಿಗೆ ಹಚ್ಚಬೇಡಿ.

ಗಿಟ್‌ನಂಥ ಬೇರೆ ವ್ಯವಸ್ಥೆ ಬಳಸುವವರಿಗೆ ಎರಡು ಮಾತು. ಮರ್ಕ್ಯುರಿಯಲ್‌ನಲ್ಲಿ ಪೈಥಾನ್ ಎದ್ದು ನಿಲ್ಲುವ ಸಮಯವೇ ಮೊದಲ ಅಡ್ಡಿ. ಸಿ-ಎಚ್‌ಜಿ ಎಂಬ ಪುಟ್ಟ ಕ್ಲೈಂಟ್ ಮೂಲಕ ಕರೆಯುವುದು ಅಥವಾ ಬ್ರಾಂಚ್ ಹೆಸರನ್ನು ಅದರ ಕಡತದಿಂದ ನೇರವಾಗಿ ಓದುವುದು ಪರಿಹಾರ. ಜುಜುತ್ಸು ಬಳಸುವವರು ಇಗ್ನೋರ್-ವರ್ಕಿಂಗ್-ಕಾಪಿ ಆಯ್ಕೆಯಿಲ್ಲದೆ ಪ್ರಾಂಪ್ಟ್ ಬರೆಯಬಾರದು, ಇಲ್ಲವಾದರೆ ಪ್ರತಿ ಎಂಟರ್‌ಗೂ ಕೆಲಸದ ಪ್ರತಿಯ ಹೊಸ ಚಿತ್ರ ದಾಖಲಾಗಲು ಹೊರಡುತ್ತದೆ.

ಯಾರಿಗೆ ಯಾವುದು

ಕಡತಗಳು ಐದು ಸಾವಿರದೊಳಗಿದ್ದು ಡಿಸ್ಕ್ ಎಸ್‌ಎಸ್‌ಡಿ ಆಗಿದ್ದರೆ, ನಿಮಗೆ ಚಂದ ಕಂಡದ್ದನ್ನು ಹಾಕಿಕೊಳ್ಳಿ. ಅಲ್ಲಿ ಅಳತೆಯಿಂದ ಸಿಗುವುದು ಪ್ರೋಸೆಸ್‌ಗಳ ಲೆಕ್ಕವಷ್ಟೇ. ಹತ್ತಾರು ಸಾವಿರ ಕಡತಗಳಿದ್ದು ಒಂದೇ ಶೆಲ್ ಬಳಸುವವರಾದರೆ, ಹೊಸ ಕಡತಗಳ ಹುಡುಕಾಟವನ್ನು ನಿಲ್ಲಿಸಿಟ್ಟ, ತಡೆಹಿಡಿಯುವ ಸರಳ ಪ್ರಾಂಪ್ಟ್ ನನ್ನ ಮೊದಲ ಆಯ್ಕೆ, ಏಕೆಂದರೆ ಅದು ತೋರಿಸಿದ್ದು ಆ ಕ್ಷಣದ ಸತ್ಯ. ಅದಕ್ಕೂ ದೊಡ್ಡದಾದರೆ ಅನ್‌ಟ್ರ್ಯಾಕ್ಡ್-ಕ್ಯಾಶ್ ಮತ್ತು ಎಫ್‌ಎಸ್-ಮಾನಿಟರ್ ಹಚ್ಚಿ ಮತ್ತೆ ಅಳೆಯಿರಿ, ಸಾಲದಿದ್ದರೆ ಝಡ್-ಶೆಲ್‌ನವರು ಗಿಟ್‌ಸ್ಟೇಟಸ್-ಡಿ ಕಡೆಗೆ ಹೋಗಬಹುದು. ಹಿನ್ನೆಲೆಯ ತಪಾಸಣೆಯನ್ನು ನಾನು ಕೊನೆಯಲ್ಲಿಡುತ್ತೇನೆ.

ಇವೆಲ್ಲಕ್ಕೂ ಹೊರಗಿನದು ಜಾಲದ ಮೇಲಿರುವ ರೆಪೊ: ಎನ್‌ಎಫ್‌ಎಸ್ (ಜಾಲದಾಚೆಯ ಡಿಸ್ಕ್ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಜೋಡಿಸಿದ ಹೋಂ ಡೈರೆಕ್ಟರಿ, ಅಥವಾ ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್-2ರ ಒಳಗಿನಿಂದ ವಿಂಡೋಸ್‌ನ ಸಿ ಡ್ರೈವ್. ಅಲ್ಲಿ ಎಲ್‌ಸ್ಟಾಟ್ ಕರೆಗಳು ಕರ್ನಲ್‌ನ ಗಡಿ ದಾಟಿ ಇನ್ನೊಂದು ಕಡೆಯ ಉತ್ತರಕ್ಕೆ ಕಾಯಬೇಕಾಗುತ್ತದೆ, ಯಾವ ಥೀಮ್‌ನಿಂದಲೂ ಅದನ್ನು ಗೆಲ್ಲಲಾಗದು. ಡಬ್ಲ್ಯುಎಸ್‌ಎಲ್ ಬಳಸುವವರು ರೆಪೊವನ್ನು ಲಿನಕ್ಸ್ ಬದಿಯ ಡಿಸ್ಕ್‌ಗೆ ಸ್ಥಳಾಂತರಿಸಲಿ. ಸ್ಥಳಾಂತರಿಸಲಾಗದ ಎನ್‌ಎಫ್‌ಎಸ್ ರೆಪೊಗಳಲ್ಲಿ, ಗಿಟ್-ಪ್ರಾಂಪ್ಟ್ ಬಳಸುವವರು ಆ ಒಂದು ರೆಪೊದ ಸಂರಚನೆಯಲ್ಲಿ ಬ್ಯಾಶ್ ವಿಭಾಗದ ಶೋ-ಡರ್ಟಿ-ಸ್ಟೇಟ್ ಮತ್ತು ಶೋ-ಅನ್‌ಟ್ರ್ಯಾಕ್ಡ್-ಫೈಲ್ಸ್ ಎರಡನ್ನೂ ಫಾಲ್ಸ್ ಎಂದು ಬರೆದು, ಬ್ರಾಂಚ್ ಹೆಸರೊಂದನ್ನೇ ಉಳಿಸಿಕೊಂಡು, ಸ್ಟೇಟಸ್ ಬೇಕೆನಿಸಿದಾಗ ಕೈಯಿಂದಲೇ ಓಡಿಸುವುದು ಒಳ್ಳೆಯದು.